ವಿಹಾರವೈರ ಮೀಮಾಂಸೆ: ಕಾರವಾರ–ಅಂಕೋಲಾ ಪ್ರಕರಣದ ಶಾಸ್ತ್ರೀಯ ವಿವೇಚನೆ

1. ಪೀಠಿಕೆ

ಲೋಕದಲ್ಲಿ ವೈರ ನಾಲ್ಕು ಬಗೆ: ದಾಯಾದಿಗಳದು, ಗಡಿಕಲ್ಲಿನದು, ಚುನಾವಣೆಯದು, ಮತ್ತು ‘ನಿಮ್ಮೂರಲ್ಲಿ ನೋಡುಕೆ ಎಂತಾ ಅದೆ?’ ಎಂಬ ಪ್ರಶ್ನೆಯಿಂದ ಹುಟ್ಟುವುದು. ಮೊದಲ ಮೂರಕ್ಕೆ ಕೋರ್ಟು, ಸರ್ವೆ ಇಲಾಖೆ, ಚುನಾವಣಾ ಆಯೋಗಗಳಿವೆ. ನಾಲ್ಕನೆಯದನ್ನು ಕೇಳುವವರಿಲ್ಲ. ಆದ್ದರಿಂದ ಈ ಪ್ರಬಂಧ.

ಈ ವೈರ ಪರದೇಶದಲ್ಲಿ ಪ್ರೌಢಾವಸ್ಥೆಗೆ ಬಂದಿದೆ. 1955ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಡಿಸ್ನಿಲ್ಯಾಂಡ್ ಬಾಗಿಲು ತೆರೆದ ಮೇಲೆ ಅಮೆರಿಕದವರಿಗೆ ಜಗಳಕ್ಕೆ ಹೊಸ ವಿಷಯ ದೊರೆಯಿತು. ಒಹಾಯೊದ ಸೀಡರ್ ಪಾಯಿಂಟ್‌ನ ಅಭಿಮಾನಿಗಳೂ ಸಿಕ್ಸ್ ಫ್ಲ್ಯಾಗ್ಸ್ ಪಾರ್ಕುಗಳ ಅಭಿಮಾನಿಗಳೂ ಯಾರ ರೋಲರ್ ಕೋಸ್ಟರ್ ಎತ್ತರ ಎಂದು ವರ್ಷಗಟ್ಟಲೆ ಕಾದಾಡಿದರು. 2003ರಲ್ಲಿ ಸೀಡರ್ ಪಾಯಿಂಟ್ 420 ಅಡಿಯದನ್ನು ನಿಲ್ಲಿಸಿತು. 2005ರಲ್ಲಿ ನ್ಯೂಜೆರ್ಸಿಯ ಸಿಕ್ಸ್ ಫ್ಲ್ಯಾಗ್ಸ್ 456 ಅಡಿಯ ‘ಕಿಂಗ್ಡಾ ಕಾ’ ಎಬ್ಬಿಸಿ ಉತ್ತರ ಕೊಟ್ಟಿತು. ಎರಡನ್ನೂ ಕಟ್ಟಿದ್ದು ಸ್ವಿಟ್ಜರ್ಲೆಂಡಿನ ಇಂಟಮಿನ್ ಎಂಬ ಒಂದೇ ಕಂಪನಿ. ಭಕ್ತರ ವೈರದಲ್ಲಿ ಬಡಗಿಗೆ ಎರಡೂ ಕಡೆ ಕೂಲಿ ಎಂಬ ಸೂತ್ರಕ್ಕೆ ಇದಕ್ಕಿಂತ ಸ್ವಚ್ಛ ಉದಾಹರಣೆ ಸಿಗದು.

ಕನ್ನಡನಾಡಿನಲ್ಲಿ ಬಿಡದಿಯ ವಂಡರ್‌ಲಾ, ಮೈಸೂರಿನ ಜಿಆರ್‌ಎಸ್ ಪಕ್ಷಗಳು ಶಾಲಾ ಪ್ರವಾಸದ ಕಾಲದಲ್ಲಿ ಚಿಗುರಿ, ಪರೀಕ್ಷೆಯ ಕಾಲದಲ್ಲಿ ಬಾಡುತ್ತವೆ. ಅಂಥ ಋತುಮಾನದ ವೈರಕ್ಕೆ ಶಾಸ್ತ್ರದ ಅಗತ್ಯವಿಲ್ಲ. ವರ್ಷವಿಡೀ, ಮಳೆಗಾಲದಲ್ಲೂ, ಪಾರ್ಕೇ ಇಲ್ಲದೆ ನಡೆಯುವ ವೈರವೇ ಉತ್ತಮ. ಅದು ಕಾರವಾರ–ಅಂಕೋಲೆಗಳ ನಡುವೆ ಮಾತ್ರ ಕಾಣಸಿಗುತ್ತದೆ.

2. ಲಕ್ಷಣ

ಥೀಮ್ ಪಾರ್ಕು ಎಂದರೇನು? ಸುತ್ತ ಬೇಲಿಯಿದ್ದು, ಬಾಗಿಲಲ್ಲಿ ಹಣ ಪಡೆದು, ಒಳಗೆ ಹೋದವನಿಗೆ ‘ಯಾಕಪ್ಪಾ ಬಂದೆ’ ಅನ್ನಿಸಿದರೂ ಹಿಂದಿರುಗಗೊಡದ ಸ್ಥಳ.

ಈ ಲಕ್ಷಣಕ್ಕೆ ತಾರ್ಕಿಕರು ಎರಡು ದೋಷ ಹೇಳುತ್ತಾರೆ. ಮೊದಲನೆಯದು ಅವ್ಯಾಪ್ತಿ: ಕಾರವಾರದ ರವೀಂದ್ರನಾಥ ಟಾಗೋರ್ ಕಡಲತೀರಕ್ಕೆ ಬೇಲಿಯಿಲ್ಲ, ಆದರೂ ಅಭಿಮಾನಿಗಳಿದ್ದಾರೆ. ಎರಡನೆಯದು ಅತಿವ್ಯಾಪ್ತಿ: ಎರಡೂ ಊರುಗಳ ನಡುವಿನ ಹಟ್ಟಿಕೇರಿ ಟೋಲ್ ಗೇಟಿಗೆ ಈ ಲಕ್ಷಣ ಅಕ್ಷರಶಃ ಹೊಂದುತ್ತದೆ, ಆದರೆ ಅದಕ್ಕೆ ಅಭಿಮಾನಿಗಳಿಲ್ಲ. ಆದ್ದರಿಂದ ಲಕ್ಷಣವನ್ನು ತಿದ್ದಬೇಕು. ಯಾವುದನ್ನು ಪಕ್ಕದೂರಿನವನ ಎದುರು ಹೊಗಳಬೇಕೆನಿಸುತ್ತದೋ ಅದೇ ಥೀಮ್ ಪಾರ್ಕು. ಹೊಗಳುವವನು ಅಲ್ಲಿಗೆ ಹೋಗಿರಬೇಕೆಂಬ ನಿಯಮವಿಲ್ಲ.

3. ಪೂರ್ವಪಕ್ಷ: ಕಾರವಾರ ದರ್ಶನ

ಈ ದರ್ಶನದ ಪ್ರಕಾರ ನೋಡುವಂಥದ್ದು ಲೋಹದಿಂದಲೋ ಸಿಮೆಂಟಿನಿಂದಲೋ ಆಗಿರಬೇಕು, ದೊಡ್ಡದಿರಬೇಕು, ನಿವೃತ್ತವಾಗಿರಬೇಕು. ಮೊದಲ ಪದಾರ್ಥ ಐಎನ್ಎಸ್ ಚಪಲ್. 1976ರಲ್ಲಿ ನೌಕಾಪಡೆ ಸೇರಿ 2005ರ ಮೇ 5ರಂದು ನಿವೃತ್ತವಾದ ಈ ಕ್ಷಿಪಣಿ ದೋಣಿ ಈಗ ಕಡಲತೀರದ ಮರಳಲ್ಲಿ ವಸ್ತುಸಂಗ್ರಹಾಲಯ. ಉದ್ದ 38 ಮೀಟರಿಗೆ ತುಸು ಮೇಲೆ. ಒಳಗೆ ನಾವಿಕರ ಗೊಂಬೆಗಳು ಸರ್ಕಾರಿ ಕಚೇರಿಯಲ್ಲಿ ಕಾಣಸಿಗದ ಶಿಸ್ತಿನಿಂದ ಸದಾ ಸ್ವಸ್ಥಾನದಲ್ಲಿರುತ್ತವೆ.

ಎರಡನೆಯ ಪದಾರ್ಥ ಟುಪೊಲೆವ್ ಟಿಯು-142. ರೆಕ್ಕೆಯ ಅಗಲ ಸುಮಾರು 50 ಮೀಟರ್; ನಾಲ್ಕು ಎಂಜಿನ್; ಒಂದೊಂದಕ್ಕೂ ಒಂದರ ಹಿಂದೊಂದು ವಿರುದ್ಧ ದಿಕ್ಕಿನಲ್ಲಿ ತಿರುಗುವ ಎರಡೆರಡು ಪ್ರೊಪೆಲ್ಲರ್. ಸಮಿತಿ ಸಭೆಗಳಲ್ಲಿ ಕೂತವರಿಗೆ ಈ ತಂತ್ರ ಹೊಸದೆನಿಸದು, ಆದರೆ ಇಲ್ಲಿ ವಿಮಾನ ಮುಂದೆ ಹೋಗುತ್ತಿತ್ತು. 1988ರಿಂದ ಸಾಗರದ ಮೇಲೆ ಕಣ್ಗಾವಲು ನಡೆಸಿದ ಈ ಜಾತಿಯ ವಿಮಾನಗಳು 2017ರಲ್ಲಿ ತಮಿಳುನಾಡಿನ ಅರಕ್ಕೋಣಂನಲ್ಲಿ ಸೇವೆ ಮುಗಿಸಿದವು. ಒಂದು ವಿಶಾಖಪಟ್ಟಣದ ಕಡಲತೀರಕ್ಕೆ ಹೋಯಿತು. ಇನ್ನೊಂದು ಬಿಡಿಬಿಡಿಯಾಗಿ ಟ್ರಕ್ಕೇರಿ ಕಾರವಾರಕ್ಕೆ ಬಂತು. ಆಕಾಶದಲ್ಲಿ ಸಾವಿರಾರು ಕಿಲೋಮೀಟರ್ ಹಾರಿದ ವಿಮಾನ ಘಟ್ಟ ಇಳಿಯುವಾಗ ಲಾರಿ ಡ್ರೈವರನನ್ನು ನಂಬಬೇಕಾಯಿತು.

ಮೂರನೆಯದು ರಾಕ್ ಗಾರ್ಡನ್. ಜಿಲ್ಲೆಯ ಹಾಲಕ್ಕಿ, ಸಿದ್ದಿ ಮೊದಲಾದ ಬುಡಕಟ್ಟುಗಳ ಬದುಕನ್ನು ಇಲ್ಲಿ ಶಿಲ್ಪಗಳಲ್ಲಿ ನಿಲ್ಲಿಸಿದ್ದಾರೆ. ನಾಲ್ಕನೆಯದು ರವೀಂದ್ರನಾಥ ಟಾಗೋರ್. ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಇಪ್ಪತ್ತರ ಹರೆಯದಲ್ಲಿ ಬಂದವರು ಇಲ್ಲಿ ‘ಪ್ರಕೃತಿರ್ ಪ್ರತಿಶೋಧ್’ ನಾಟಕ ಬರೆದರು. ಅದಾಗಿ ನೂರನಲವತ್ತು ವರ್ಷಗಳ ಮೇಲಾದರೂ ‘ಟಾಗೋರರೇ ಬಂದಿದ್ರು’ ಎಂಬ ವಾಕ್ಯದ ಮುಂದೆ ಅಂಕೋಲೆಯವರು ಒಂದು ಕ್ಷಣವಾದರೂ ತಡವರಿಸುತ್ತಾರೆ.

4. ಪ್ರತಿಪಕ್ಷ: ಅಂಕೋಲಾ ದರ್ಶನ

ಒಂದೇ ಕ್ಷಣ. ಆಮೇಲೆ ಪ್ರತಿಪಕ್ಷ ಶುರು. ‘ಕವಿ ಬಂದು ಹೋದದ್ದಕ್ಕೆ ನೀವು ಬೀಚಿಗೇ ಹೆಸರಿಟ್ರಿ. ನಮ್ಮ ಕವಿ ಇಲ್ಲೇ ಇದ್ದು ಶಾಲೆ ಕಾಲೇಜು ಕಟ್ಟಿದ ಮಾರಾಯಾ!’ ಎಂಬುದು ಇವರ ಪ್ರಥಮ ಸೂತ್ರ. ಇಲ್ಲಿ ಕವಿ ಎಂದರೆ ದಿನಕರ ದೇಸಾಯಿ: 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಸ್ಥಾಪಿಸಿದವರು, 1967ರಲ್ಲಿ ಲೋಕಸಭೆಗೆ ಗೆದ್ದವರು, ನಾಲ್ಕು ಸಾಲಿನ ಚುಟುಕಕ್ಕೆ ಹೆಸರಾದವರು. ಮಾತನ್ನು ನಾಲ್ಕು ಸಾಲಿನಲ್ಲಿ ಮುಗಿಸುವ ಅವರ ಶಿಸ್ತು ಊರಿನ ವಾದಪಟುಗಳಿಗೆ ದಾಟಲಿಲ್ಲವೆಂಬುದು ಸಂಶೋಧಕರ ದುಃಖ.

ಅಂಕೋಲಾ ದರ್ಶನಕ್ಕೆ ಬೇಲಿ ನಿಷಿದ್ಧ, ನಿವೃತ್ತಿಯೂ ನಿಷಿದ್ಧ. ‘ನೀವು ಹಾಲಕ್ಕಿಯವರನ್ನ ಸಿಮೆಂಟಲ್ಲಿ ಮಾಡಿ ತೋರಿಸ್ತ್ರಿ. ನಮ್ಮಲ್ಲಿ ಅವರು ಪೇಟೆಯಲ್ಲಿ ತರಕಾರಿ ಮಾರ್ತಾರೆ, ಚೌಕಾಸಿ ಮಾಡಿದ್ರೆ ಬೈತಾರೆ. ನಿಮ್ಮ ಗೊಂಬೆ ಬೈತದಾ?’ ಈ ವಾದವನ್ನು ಕಾರವಾರ ಪಕ್ಷ ಇದುವರೆಗೂ ಖಂಡಿಸಿಲ್ಲ. ಬಡಗೇರಿಯ ಸುಕ್ರಿ ಬೊಮ್ಮಗೌಡರು ಹಾಡಿನ ಭಂಡಾರವನ್ನೇ ಹೊತ್ತು, ಊರ ಸಾರಾಯಿ ವಿರುದ್ಧ ಹೋರಾಡಿ 2017ರಲ್ಲಿ ಪದ್ಮಶ್ರೀ ಪಡೆದರು. ಹೊನ್ನಳ್ಳಿಯ ತುಳಸಿ ಗೌಡರು ಅರಣ್ಯ ಇಲಾಖೆಯ ನರ್ಸರಿಯಲ್ಲಿ ಬದುಕೆಲ್ಲ ಸಸಿ ಬೆಳೆಸಿ, 2021ರಲ್ಲಿ ಅದೇ ಪದ್ಮಶ್ರೀ ಸ್ವೀಕರಿಸಲು ಬರಿಗಾಲಲ್ಲೇ ರಾಷ್ಟ್ರಪತಿ ಭವನಕ್ಕೆ ನಡೆದು ಹೋದರು. ಇಬ್ಬರೂ ಈಗಿಲ್ಲ. ಅವರಿದ್ದಾಗ ಊರಿನ ಎಷ್ಟು ಜನ ಆ ಮನೆಗಳ ಅಂಗಳ ಹೊಕ್ಕಿದ್ದರು ಎಂಬ ಪ್ರಶ್ನೆಯನ್ನು ಪ್ರತಿಪಕ್ಷದವರು ಜಾಣತನದಿಂದ ಪರಿಷ್ಕೃತ ಆವೃತ್ತಿಗೆ ಮುಂದೂಡುತ್ತಾರೆ.

ಇನ್ನು ಕರಿ ಇಶಾಡು. 2023ರಲ್ಲಿ ಜಿಐ ಟ್ಯಾಗ್ ಪಡೆದ ಈ ಮಾವಿನ ವಿಷಯದಲ್ಲಿ ಅಂಕೋಲೆಯವರ ವಾದ ಅತಿ ಸರಳ: ಬಾಯಲ್ಲಿಟ್ಟು ನೋಡು. ಹಣ್ಣಿಗೆ ಕಾರವಾರದವರು ಮೀನಿನಿಂದ ಉತ್ತರ ಕೊಡುತ್ತಾರೆ. ಮಾವಿಗೆ ಬಂಗಡೆ ಪ್ರತಿವಾದಿಯಾಗಬಹುದೇ ಎಂಬುದು ನ್ಯಾಯಶಾಸ್ತ್ರದ ಕಗ್ಗಂಟು. ಪ್ರಸ್ತುತ ಸಂಶೋಧಕನು ಎರಡನ್ನೂ ಕೂಲಂಕಷವಾಗಿ ಪರಿಶೀಲಿಸಿ ತೀರ್ಪನ್ನು ಕಾಯ್ದಿರಿಸಿದ್ದಾನೆ.

5. ಪ್ರಮಾಣ ವಿಚಾರ

ಪ್ರತ್ಯಕ್ಷ. ‘ಹಡಗಿನೊಳಗೆ ಹೋಗಿದ್ದೀರಾ?’ ಎಂದು ಕಾರವಾರದ ನಿಷ್ಠಾವಂತರೊಬ್ಬರನ್ನು ಕೇಳಿದರೆ ದೊರೆಯುವ ಉತ್ತರ: ‘ನಂಟರು ಬಂದಾಗ ಕರ್ಕೊಂಡು ಹೋಗಿದ್ದೆ. ಅವರು ಒಳಗೆ ಹೋದ್ರು, ನಾ ಹೊರಗೆ ಬ್ಯಾಗು ಕಾಯ್ತಾ ನಿಂತೆ.’ ಅಂಕೋಲೆಯ ನಿಷ್ಠಾವಂತರನ್ನು ವಿಭೂತಿ ಜಲಪಾತದ ಬಗ್ಗೆ ಕೇಳಿದರೆ: ‘ಅದೆಲ್ಲಿಗೆ ಓಡಿಹೋಗ್ತದೆ? ಹೋದ್ರಾಯ್ತು.’ ಹೀಗಾಗಿ ಈ ಶಾಸ್ತ್ರದಲ್ಲಿ ಪ್ರತ್ಯಕ್ಷವು ಅತ್ಯಂತ ದುರ್ಬಲ ಪ್ರಮಾಣ.

ಅನುಮಾನ. ಹೊಗೆಯಿದ್ದಲ್ಲಿ ಬೆಂಕಿ ಎಂಬಂತೆ, ಗೋಬಿ ಮಂಚೂರಿ ಗಾಡಿಯಿದ್ದಲ್ಲಿ ಪ್ರವಾಸಿ ತಾಣ. ಇದರಿಂದ ಎರಡೂ ಊರಿನ ಬಸ್ ನಿಲ್ದಾಣಗಳು ಪ್ರವಾಸಿ ತಾಣಗಳೆಂದು ಸಿದ್ಧವಾಗುತ್ತದೆ.

ಉಪಮಾನ. ಕಾರವಾರ ‘ಕರ್ನಾಟಕದ ಕಾಶ್ಮೀರ’. 1930ರ ಏಪ್ರಿಲ್ 13ರಂದು ಎಂ.ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಉಪ್ಪು ಮಾಡಿ, ಮುಂದೆ ಕರನಿರಾಕರಣೆಯಲ್ಲಿ ಮನೆ ಹೊಲ ಕಳಕೊಂಡ ಅಂಕೋಲೆ ‘ಕರ್ನಾಟಕದ ಬಾರ್ಡೋಲಿ’. ಒಂದಕ್ಕೆ ಹಿಮ ಬೀಳುವ ಊರಿನ ಹೆಸರು, ಇನ್ನೊಂದಕ್ಕೆ ಗುಜರಾತಿನ ತಾಲೂಕಿನದು. ಹಿಮ ಎಂದೂ ಬಿದ್ದಿಲ್ಲ, ಜಪ್ತಿ ಮಾತ್ರ ನಿಜವಾಗಿ ಬಿದ್ದಿತ್ತು. ಈ ಅಂಕ ಅಂಕೋಲೆಗೆ.

ಶಬ್ದ. ಆಪ್ತವಾಕ್ಯವೇ ಇಲ್ಲಿ ಪರಮ ಪ್ರಮಾಣ; ಆಪ್ತ ಎಂದರೆ ಚಾದಂಗಡಿಯಲ್ಲಿ ಪಕ್ಕದ ಬೆಂಚಿನಲ್ಲಿ ಕೂತವರು. ಐಎನ್ಎಸ್ ಚಪಲ್ 1971ರಲ್ಲಿ ಕರಾಚಿಯ ಮೇಲೆ ದಾಳಿ ಮಾಡಿತ್ತೆಂದು ಆಪ್ತರು ಹೇಳುತ್ತಾರೆ. 1971ರ ಡಿಸೆಂಬರಿನಲ್ಲಿ ಕರಾಚಿಗೆ ಹೋದದ್ದು ಹೌದು, ಅದೇ ಕುಲದ ಹಿರಿಯ ದೋಣಿಗಳು. ಚಪಲ್ ನೌಕಾಪಡೆ ಸೇರಿದ್ದು ಐದು ವರ್ಷ ತಡವಾಗಿ. ಹುಟ್ಟುವ ಮೊದಲೇ ಯುದ್ಧ ಗೆದ್ದ ನೌಕೆ ಎಂಬ ಕೀರ್ತಿ ವಿಶಾಖಪಟ್ಟಣಕ್ಕೂ ಇಲ್ಲ.

ಅನುಪಲಬ್ಧಿ. ಇಲ್ಲದಿರುವುದರಿಂದ ತಿಳಿಯುವ ಜ್ಞಾನವನ್ನು ಭಾಟ್ಟ ಮೀಮಾಂಸಕರು ಆರನೆಯ ಪ್ರಮಾಣವೆಂದು ಒಪ್ಪಿದ್ದರು. ಐದನೆಯದಾದ ಅರ್ಥಾಪತ್ತಿಯನ್ನು ಚಾದಂಗಡಿ ಒಪ್ಪದ ಕಾರಣ ಇಲ್ಲಿ ಕೈಬಿಡಲಾಗಿದೆ. ಅನುಪಲಬ್ಧಿಗೆ ಮಾತ್ರ ನಮ್ಮ ಕರಾವಳಿಯಷ್ಟು ಸಮೃದ್ಧ ಸಾಮಗ್ರಿ ಬೇರೆಲ್ಲೂ ಇಲ್ಲ. ಕಾರವಾರದಲ್ಲಿ ವಿಮಾನವಿದೆ, ವಿಮಾನ ನಿಲ್ದಾಣವಿಲ್ಲ. ಅಂಕೋಲಾ ತಾಲೂಕಿನ ಅಲಗೇರಿಯಲ್ಲಿ ನಿಲ್ದಾಣದ ಯೋಜನೆ, ಭೂಸ್ವಾಧೀನದ ಮಾತು ವರ್ಷಗಳಿಂದ ಇದೆ, ವಿಮಾನವಿಲ್ಲ. ಎರಡನ್ನೂ ಕೂಡಿಸಿದರೆ ಹಾರಾಟ ಸಾಧ್ಯವೆಂದು ಎರಡೂ ಪಕ್ಷದವರಿಗೆ ಹೊಳೆದಿಲ್ಲ. ಇನ್ನು ಬೇಲೆಕೇರಿ ಬಂದರು. ಮುಟ್ಟುಗೋಲು ಹಾಕಿದ ಕಬ್ಬಿಣದ ಅದಿರು, ಲಕ್ಷಾಂತರ ಟನ್, 2010ರಲ್ಲಿ ಅಲ್ಲಿಂದ ಮಾಯವಾಯಿತು. ಯಾವ ಡಿಸ್ನಿಯ ಜಾದೂಗಾರನೂ ಗುಡ್ಡದಷ್ಟು ಮಣ್ಣನ್ನು ಹಗಲು ಬೆಳಕಿನಲ್ಲಿ ಕಾಣೆ ಮಾಡಿ ತೋರಿಸಿಲ್ಲ. ಪ್ರದರ್ಶನ ಉಚಿತವಾಗಿತ್ತೆಂದು ಕೆಲವರು ಹೇಳುತ್ತಾರೆ, ಖರ್ಚು ರಾಜ್ಯದ ಬೊಕ್ಕಸದ್ದು ಎಂಬುದು ಲೋಕಾಯುಕ್ತ ವರದಿಯ ಮತ.

6. ಮಧ್ಯಸ್ಥ ಪದಾರ್ಥ

ಎರಡೂ ಊರುಗಳ ನಡುವೆ ಜಿಲ್ಲೆಯ ಅತಿ ದೊಡ್ಡ ಬೇಲಿಯಿದೆ. 1986ರ ಅಕ್ಟೋಬರಿನಲ್ಲಿ ರಾಜೀವ್ ಗಾಂಧಿ ಶಂಕುಸ್ಥಾಪನೆ ಮಾಡಿದ ಸೀಬರ್ಡ್ ಯೋಜನೆ, 2005ರ ಮೇ 31ರಂದು ಐಎನ್ಎಸ್ ಕದಂಬವಾಗಿ ಕಾರ್ಯಾರಂಭ ಮಾಡಿತು. ಚಪಲ್ ನಿವೃತ್ತವಾದ ತಿಂಗಳೂ ಅದೇ: ಒಂದು ಹಡಗು ಸೇವೆ ಮುಗಿಸಿದ ತಿಂಗಳಲ್ಲೇ ಉಳಿದ ಹಡಗುಗಳು ಗೋಡೆಯ ಹಿಂದೆ ಹೋದವು. ಸುಮಾರು 284 ಮೀಟರ್ ಉದ್ದದ ವಿಕ್ರಮಾದಿತ್ಯ ಇಲ್ಲೇ ತಂಗುತ್ತದೆ, ಆದರೆ ಅದರ ಎದುರು ಗೋಬಿ ಮಂಚೂರಿ ಗಾಡಿ ಇಲ್ಲ. ಈ ಬೇಲಿಗಾಗಿ ಮೀನುಗಾರರು, ರೈತರು ಮನೆ, ಗದ್ದೆ, ದೋಣಿ ಎಳೆಯುವ ಮರಳದಂಡೆ ಬಿಟ್ಟೆದ್ದರು. ಪರಿಹಾರಕ್ಕಾಗಿ ದಶಕಗಳ ಕಾಲ ಕೋರ್ಟು ಅಲೆದರು. ಪ್ರವೇಶ ಶುಲ್ಕವಾಗಿ ಮನೆಯನ್ನೇ ಕೊಟ್ಟವರಿಗೂ ಒಳಗೆ ಬಿಡದ ಏಕೈಕ ಸ್ಥಳ ಇದು. ಅಭಿಮಾನಿ ಪಕ್ಷಗಳೆರಡೂ ಇದರ ಬಗ್ಗೆ ಮಾತಾಡುವಾಗ ದನಿ ತಗ್ಗಿಸುತ್ತವೆ, ಏಕೆಂದರೆ ಇಲ್ಲಿ ಹೊಗಳಲಿಕ್ಕೂ ಜಗಳಕ್ಕೂ ಪಾಸ್ ಬೇಕು.

7. ಹೊಂಡೆ ನ್ಯಾಯ

ವೈರಕ್ಕೆ ನಿಯಮ ಬೇಕೆಂಬುದನ್ನು ಈ ಪ್ರದೇಶ ಹಿಂದೆಯೇ ಕಂಡುಕೊಂಡಿದೆ. ದೀಪಾವಳಿಯಲ್ಲಿ ಅಂಕೋಲೆಯ ಕೋಮಾರಪಂತ ಸಮಾಜದವರು ಹೊಂಡೆಯಾಟ ಆಡುತ್ತಾರೆ. ಎರಡು ಕೇರಿಯ ತಂಡಗಳು ಕವಣೆಯಲ್ಲಿ ಹಿಂಡಲಕಾಯಿ ಇಟ್ಟು ಬೀಸಿ ಹೊಡೆಯುತ್ತವೆ. ನಿಯಮ ಒಂದೇ: ಏಟು ಮೊಣಕಾಲಿನ ಕೆಳಗೇ ಬೀಳಬೇಕು. ಆಟ ಮುಗಿದ ಮೇಲೆ ಮುಲಾಮೂ ಸಿಹಿಯೂ ಇಬ್ಬರ ಮನೆಯಲ್ಲೂ ಸಿಗುತ್ತವೆ. ‘ನಿಮ್ಮ ಹಡಗು ತುಕ್ಕು ಹಿಡೀತದೆ’ ಎಂಬುದು ಮೊಣಕಾಲಿನ ಕೆಳಗಿನ ಏಟು. ‘ನಿಮ್ಮ ಇಶಾಡಿಗೆ ನಾರು ಜಾಸ್ತಿ’ ಎಂಬುದು ಸೊಂಟದ ಮೇಲಿನದು, ಅದಕ್ಕೆ ಪ್ರಾಯಶ್ಚಿತ್ತ ಹೇಳಿಲ್ಲ.

8. ವಿಲೀನ ಪ್ರಕರಣ

2024ರ ಜುಲೈನಲ್ಲಿ ಸೀಡರ್ ಪಾಯಿಂಟಿನ ಒಡೆಯ ಕಂಪನಿಯೂ ಸಿಕ್ಸ್ ಫ್ಲ್ಯಾಗ್ಸ್ ಕಂಪನಿಯೂ ಒಂದಾದವು. ಇಷ್ಟು ವರ್ಷ ಕಾದಾಡಿದ ಅಭಿಮಾನಿಗಳು ಬೆಳಗಾಗುವಾಗ ಒಂದೇ ಧಣಿಯ ಒಕ್ಕಲಾಗಿದ್ದರು. 456 ಅಡಿಯ ಕಿಂಗ್ಡಾ ಕಾವನ್ನು 2025ರ ಫೆಬ್ರುವರಿಯಲ್ಲಿ ಸ್ಫೋಟಿಸಿ ಕೆಡವಲಾಯಿತು. ಅಮೆರಿಕದ ವಿದ್ವಾಂಸರು ಇದನ್ನು ಅಪೂರ್ವ ಘಟನೆಯೆಂದು ಬಗೆದಿದ್ದರೆ, ಅದು ಉತ್ತರ ಕನ್ನಡದ ಇತಿಹಾಸ ಓದದ ಫಲ. 2008ರ ಕ್ಷೇತ್ರ ಪುನರ್ವಿಂಗಡಣೆಯಲ್ಲಿ ಅಂಕೋಲಾ ವಿಧಾನಸಭಾ ಕ್ಷೇತ್ರ ಅಳಿದು, ಅಂಕೋಲೆ ಕಾರವಾರ ಕ್ಷೇತ್ರದೊಳಗೆ ಸೇರಿತು. ಅಂದಿನಿಂದ ಎರಡೂ ಪಕ್ಷಗಳಿಗೆ ಶಾಸಕರೊಬ್ಬರೇ. ವೈರ ತಗ್ಗಿತೇ? ಇಲ್ಲ, ಹರಿತವಾಯಿತು. ಮೊದಲು ‘ನಮ್ಮದು ದೊಡ್ಡದು’ ಎನ್ನುತ್ತಿದ್ದವರು ಈಗ ‘ಎಲ್ಲಾ ಅವರಿಗೇ ಕೊಟ್ರು’ ಎನ್ನುತ್ತಾರೆ. ಮಾಲೀಕರು ಒಂದಾದರೆ ವೈರ ಸಾಯುವುದಿಲ್ಲ, ಪಾಲಿನ ಲೆಕ್ಕವಾಗಿ ಮರುಹುಟ್ಟು ಪಡೆಯುತ್ತದೆ.

9. ಸಿದ್ಧಾಂತ

ಮೇಲಿನ ವಿಚಾರದಿಂದ ಮೂರು ಸೂತ್ರಗಳು ಸಿದ್ಧವಾಗುತ್ತವೆ. ಒಂದು: ನಿಷ್ಠೆಯು ಭೇಟಿಗೆ ವಿಲೋಮ, ಟಿಕೆಟ್ ಕೊಂಡವನು ತಪ್ಪು ಎಣಿಸುತ್ತಾನೆ, ಕೊಳ್ಳದವನು ಪ್ರಾಣ ಕೊಡುತ್ತಾನೆ. ಎರಡು: ಊರಿನವರು ನೋಡುವುದಕ್ಕಾಗಿ ಏನನ್ನೂ ಇಟ್ಟುಕೊಳ್ಳುವುದಿಲ್ಲ, ತೋರಿಸುವುದಕ್ಕಾಗಿ ಇಟ್ಟುಕೊಳ್ಳುತ್ತಾರೆ; ಆದ್ದರಿಂದ ನಂಟರೇ ಪ್ರವಾಸೋದ್ಯಮದ ಮೂಲಧಾತು. ಮೂರು: ವೈರಿ ಪಕ್ಷಗಳು ಪರಸ್ಪರರ ಅತ್ಯುತ್ತಮ ಪ್ರಚಾರಕರು, ಅಂಕೋಲೆಯವರು ಹೀಗಳೆಯದಿದ್ದರೆ ಚಪಲ್ ಯಾವ ಯುದ್ಧಕ್ಕೆ ಹೋಗಿತ್ತೆಂದು ಕಾರವಾರದಲ್ಲಿ ಯಾರೂ ವಿಚಾರಿಸುತ್ತಿರಲಿಲ್ಲ.

ಈ ಸೂತ್ರಗಳನ್ನು ಎರಡೂ ಪಕ್ಷದ ಪ್ರತಿನಿಧಿಗಳ ಮುಂದೆ ಒಪ್ಪಿಗೆಗೆ ಇಟ್ಟಾಗ, ನಿರೀಕ್ಷೆಯಂತೆ ಒಪ್ಪಿಗೆ ಸಿಗಲಿಲ್ಲ. ವಾದ ಕಾವೇರುತ್ತಿದ್ದಂತೆ ಮೂಲೆಯಲ್ಲಿ ಚಾ ಕುಡಿಯುತ್ತಿದ್ದ ಕುಮಟಾ ತಾಲೂಕಿನ ಹಿರಿಯರೊಬ್ಬರು ಲೋಟ ಕೆಳಗಿಟ್ಟು ಹೇಳಿದರು: ‘ನೀವು ಎಷ್ಟು ಕಚ್ಚಾಡಿದ್ರೂ ಜನ ಎಲ್ಲಾ ನಮ್ಮ ಗೋಕರ್ಣಕ್ಕೇ ಬರೂದು.’

ಆ ಗಳಿಗೆಯಲ್ಲಿ ಕಾರವಾರ ದರ್ಶನವೂ ಅಂಕೋಲಾ ದರ್ಶನವೂ ಅದ್ವೈತವಾದವು. ‘ಗೋವಾದಿಂದ ಅಲ್ಲಿಗೆ ಬರುವವ್ರು ನಮ್ಮೂರು ದಾಟಿಯೇ ಬರಬೇಕಲ್ಲಾ!’ ಎಂದು ಕಾರವಾರದವರು ಆರಂಭಿಸಿದ ವಾಕ್ಯವನ್ನು ‘ನಮ್ಮೂರೂ!’ ಎಂದು ಅಂಕೋಲೆಯವರು ಮುಗಿಸಿದರು. ಹಿರಿಯರ ಚಾದ ಬಿಲ್ಲನ್ನು ಮಾತ್ರ ಯಾವ ಊರಿನವರು ಕೊಡಬೇಕೆಂಬ ಹೊಸ ವಿವಾದ ಅಲ್ಲೇ ಹುಟ್ಟಿಕೊಂಡಿದ್ದು, ಅದರ ಮೀಮಾಂಸೆ ಎರಡನೆಯ ಸಂಪುಟದಲ್ಲಿ.