ಮುಚ್ಚಳ ತೆಗೀಬೇಡಿ ಭಾವ

ಟರ್ಕಿ ಕೋಳಿಗೆ ಸ್ವಂತ ರುಚಿ ಅಂತ ಹೆಚ್ಚೇನೂ ಇಲ್ಲ. ಈ ಮಾತನ್ನು ಅಮೆರಿಕದಲ್ಲಿ, ಅದರಲ್ಲೂ ನವೆಂಬರ್ ತಿಂಗಳಲ್ಲಿ, ಗಟ್ಟಿಯಾಗಿ ಆಡುವ ಹಾಗಿಲ್ಲ. ಆಡಿದರೆ ಊಟಕ್ಕೆ ಕರೆದವರು ಮುಖ ಸಣ್ಣಗೆ ಮಾಡಿಕೊಳ್ಳುತ್ತಾರೆ; ಸ್ವಲ್ಪ ಹೊತ್ತು ಬಿಟ್ಟು ಅಡುಗೆಮನೆಯಲ್ಲಿ ಒಬ್ಬರೇ ಸಿಕ್ಕಾಗ, 'ನಿಜಾ ರೀ' ಅಂತ ಒಪ್ಪಿಕೊಂಡೂಬಿಡುತ್ತಾರೆ. ತೊಡೆ ಪರವಾಗಿಲ್ಲ. ಎದೆಯ ಭಾಗ ಒಂದು ಚೂರು ಹೆಚ್ಚು ಬೆಂದರೆ ನೀರು ಕುಡಿಯದೆ ಗಂಟಲಲ್ಲಿ ಇಳಿಯುವುದಿಲ್ಲ.

ಆದರೂ ಥ್ಯಾಂಕ್ಸ್‌ಗಿವಿಂಗ್ ದಿನ ಆ ದೇಶದ ಬಹುಪಾಲು ಮನೆಗಳ ಮೇಜಿನ ಮೇಲೆ ಅದೇ ಹಕ್ಕಿ. 1621ರಲ್ಲಿ ಪ್ಲಿಮತ್‌ನಲ್ಲಿ ವಲಸೆ ಬಂದವರೂ ಅಲ್ಲಿನ ವಾಂಪನೋಆಗ್ ಜನರೂ ಕೂಡಿ ಮೂರು ದಿನ ಉಂಡರು, ಅದೇ ಈ ಹಬ್ಬದ ಮೂಲ ಅನ್ನುತ್ತಾರೆ. ಆ ಊಟದ ಬಗ್ಗೆ ಎಡ್ವರ್ಡ್ ವಿನ್ಸ್ಲೋ ಬರೆದ ಕಾಗದದಲ್ಲಿ ಜಿಂಕೆ ಇದೆ, ಬೇಟೆಯ ಹಕ್ಕಿಗಳಿವೆ. ಟರ್ಕಿಯ ಹೆಸರೇ ಇಲ್ಲ. ದೇಶಕ್ಕೆಲ್ಲ ಒಂದೇ ದಿನ ಹಬ್ಬವಾಗಲಿ ಎಂದು ಸಾರಾ ಹೇಲ್ ಎಂಬ ಪತ್ರಿಕಾ ಸಂಪಾದಕಿ ವರ್ಷಗಟ್ಟಲೆ ಬರೆದೂ ಬರೆದೂ, ಕೊನೆಗೆ 1863ರಲ್ಲಿ ಲಿಂಕನ್ ಘೋಷಣೆ ಹೊರಡಿಸಿದರು. 1939ರಲ್ಲಿ ರೂಸ್‌ವೆಲ್ಟ್, ವ್ಯಾಪಾರಕ್ಕೆ ಅನುಕೂಲವಾಗಲಿ ಎಂದು ಹಬ್ಬವನ್ನು ಒಂದು ವಾರ ಹಿಂದಕ್ಕೆ ಎಳೆದಾಗ ಕೆಲವು ರಾಜ್ಯಗಳು ಹೊಸ ಗುರುವಾರ, ಕೆಲವು ಹಳೇ ಗುರುವಾರ ಉಂಡವು. ಸ್ಮಾರ್ತರಿಗೊಂದು, ವೈಷ್ಣವರಿಗೊಂದು ಏಕಾದಶಿ ಕಂಡವರು ನಾವು, ನಮಗೆ ಇದರಲ್ಲಿ ಆಶ್ಚರ್ಯವೇನಿಲ್ಲ. 1941ರಲ್ಲಿ ಕಾನೂನು ಮಾಡಿ ನವೆಂಬರಿನ ನಾಲ್ಕನೇ ಗುರುವಾರ ಎಂದು ಗೂಟ ಹೊಡೆದರು.

ನನ್ನ ಭಾಮೈದ ಡಲ್ಲಾಸ್‌ನಲ್ಲಿದ್ದಾನೆ. ಮಂಡ್ಯ ಕಡೆಯವನು, ಯುಗಾದಿ ಮಾರನೆಯ ದಿನದ ಹೊಸತೊಡಕಿಗೆ ಮಾಂಸದಂಗಡಿ ಮುಂದೆ ಬೆಳಗಿನ ಜಾವವೇ ಚೀಲ ಹಿಡಿದು ನಿಂತು ಬೆಳೆದವನು. ಟೆಕ್ಸಸ್ ಸೇರಿದ ಮೇಲೆ ಆ ಶ್ರದ್ಧೆಯೆಲ್ಲ ಹೊಗೆಯ ಕಡೆ ತಿರುಗಿದೆ. ಹಿತ್ತಲಲ್ಲಿ ಮಾಂಸವನ್ನು ಹೊಗೆಯಲ್ಲೇ ನಿಧಾನವಾಗಿ ಬೇಯಿಸುವ ಕಪ್ಪು ಬಣ್ಣದ ಸ್ಮೋಕರ್, ಅದಕ್ಕೊಂದು ಮಳೆಗವಸು. ಕಾರಿಗೆ ಗವಸಿಲ್ಲ.

ಹಬ್ಬ ಗುರುವಾರವಾದರೂ ಕೆಲಸ ಶನಿವಾರವೇ ಶುರು. ಹನ್ನೆರಡು ಪೌಂಡ್ ತೂಗುವ, ಅಂದರೆ ಐದೂವರೆ ಕಿಲೋಗೆ ಹತ್ತಿರದ, ಕಲ್ಲಾಗಿ ಹೆಪ್ಪುಗಟ್ಟಿದ ಕೋಳಿ ಫ್ರಿಜ್ಜಿನಲ್ಲಿ ಮೆಲ್ಲಗೆ ಕರಗಲು ಮೂರು ದಿನ ಬೇಕು. ಅದು ಒಳಗೆ ಹೋದಾಗ ದೋಸೆ ಹಿಟ್ಟು, ಮೊಸರು, ನಾದಿನಿ ಜೋಪಾನ ಮಾಡಿದ್ದ ಕರಿಬೇವು ಎಲ್ಲಕ್ಕೂ ಗಡೀಪಾರು. ಇನ್ನೂ ದೊಡ್ಡದು ತರಬಹುದಿತ್ತಲ್ಲ ಅಂದೆ. ಹೊಗೆಯ ಶಾಖ ಮಂದ; ತೀರಾ ದೊಡ್ಡ ಕೋಳಿಯ ಒಳಭಾಗ ಬಿಸಿಯಾಗುವ ಮೊದಲೇ ಕೆಟ್ಟು ಕೂರಬಹುದು ಎಂದು ಅವನು ಪಾಠ ಒಪ್ಪಿಸಿದ.

ಕರಗಿದ ಮೇಲೆ ಮೊದಲ ಕೆಲಸ ಕೈ ಒಳಗೆ ಹಾಕಿ ಪೊಟ್ಟಣ ಈಚೆಗೆ ತೆಗೆಯುವುದು. ಕತ್ತು, ಗುಂಡಿಗೆ, ಈಲಿ ಎಲ್ಲವನ್ನೂ ಕಟ್ಟಿ ಕೋಳಿಯ ಹೊಟ್ಟೆಯೊಳಗೇ ಇಟ್ಟು ಮಾರುತ್ತಾರೆ. ಆಮೇಲೆ ಉಪ್ಪು. ಐದು ಪೌಂಡಿಗೆ ಒಂದು ದೊಡ್ಡ ಚಮಚದ ಲೆಕ್ಕದಲ್ಲಿ ಹರಳುಪ್ಪು ಸವರಿ, ಎರಡು ದಿನ ಮುಚ್ಚದೆ ಫ್ರಿಜ್ಜಿನಲ್ಲೇ ಬಿಡಬೇಕು. ಉಪ್ಪು ಮೊದಲು ನೀರು ಬಿಡಿಸುತ್ತದೆ, ಆ ನೀರಲ್ಲಿ ತಾನೇ ಕರಗಿ, ಮತ್ತೆ ಮಾಂಸದೊಳಕ್ಕೆ ಇಳಿಯುತ್ತದೆ. ಬೇಯುವಾಗ ರಸ ಬಿಟ್ಟುಕೊಡದ ಹಾಗೆ ಹಿಡಿದಿಡುತ್ತದೆ. ಮುಚ್ಚದೆ ಇಟ್ಟರೆ ಚರ್ಮ ಒಣಗಿ ಗರಿಗರಿ ಆಗುವ ಆಸೆ. ಈ ಹಂತದಲ್ಲಿ ನನ್ನ ಹೆಂಡತಿ, ಅಂದರೆ ಅವನಕ್ಕ, ಬಾಗಿಲಲ್ಲಿ ಬಂದು ನಿಂತಳು.

"ಬರೀ ಉಪ್ಪಾ? ಶುಂಠಿ ಬೆಳ್ಳುಳ್ಳಿ ಇಲ್ವಾ? ಧನಿಯಾ ಹುರಿದು ಕೊಡ್ಲಾ?"

"ಅಕ್ಕಾ, ಹೊಗೆ ವಾಸನೆ ಮುಚ್ಚೋಗುತ್ತೆ."

"ಹೊಗೆ ವಾಸನೆ ಬೇಕು ಅಂತ ಯಾರಾದ್ರೂ ಅಡುಗೆ ಮಾಡ್ತಾರೇನೋ? ಅಮ್ಮ ಸೌದೆ ಒಲೆ ಬಿಟ್ಟು ಗ್ಯಾಸ್ ತಗೊಂಡಿದ್ದೇ ಅದಕ್ಕಲ್ವಾ?"

ಕೊನೆಗೆ ರಾಜಿಯಾಯಿತು. ಚರ್ಮದ ಕೆಳಗೆ ಬೆರಳು ತೂರಿಸಿ, ಹರಿಯದ ಹಾಗೆ ಬಿಡಿಸಿಕೊಂಡು, ಬೆಣ್ಣೆಯಲ್ಲಿ ಕಲೆಸಿದ ಮೆಣಸಿನ ಪುಡಿ, ಬೆಳ್ಳುಳ್ಳಿ ಹಚ್ಚುವುದು ಅವನ ಪಾಲು. ತೊಡೆಗೆ ಬ್ಯಾಡಗಿ ಖಾರದ ಪುಡಿ ಅವಳ ಪಾಲು.

ಇನ್ನು ಕಟ್ಟಿಗೆ. ಟೆಕ್ಸಸ್‌ನ ಅಂಗಡಿಗಳಲ್ಲಿ ಮೆಸ್ಕೀಟ್ ಎಂಬ ಮರದ ತುಂಡುಗಳನ್ನು ಚೀಲಕ್ಕೆ ತುಂಬಿ, ಬೆಲೆಚೀಟಿ ಅಂಟಿಸಿ ಮಾರುತ್ತಾರೆ. ಕೈಗೆ ತಗೊಂಡು ನೋಡಿದೆ: ನಮ್ಮ ಬಳ್ಳಾರಿ ಜಾಲಿಯ ದಾಯಾದಿ! ರಾಯಚೂರು, ಕೊಪ್ಪಳದ ಕಡೆ ಕೆರೆಯಂಗಳ, ಗೋಮಾಳ ಎಲ್ಲ ನುಂಗಿ, ಕಡಿದಷ್ಟೂ ಚಿಗುರುವ, ಇದ್ದಿಲು ಸುಡುವವರಿಗಷ್ಟೇ ಪ್ರಿಯವಾದ ಆ ಮುಳ್ಳುಮರವೂ ಮೂಲದಲ್ಲಿ ಅಮೆರಿಕ ಖಂಡಗಳದೇ. ಕೋಳಿಗೆ ಅದರ ಹೊಗೆ ಜಾಸ್ತಿ ಹೊತ್ತು ತಗುಲಿದರೆ ಕಹಿ. ಅದಕ್ಕೇ ಭಾಮೈದ ಸೇಬಿನ ಕಟ್ಟಿಗೆ ಹಿಡಿದ. ಬಿಳೀ ದಟ್ಟ ಹೊಗೆ ಬಂದರೆ ಕಾಯಬೇಕು, ತೆಳ್ಳಗೆ ನೀಲಿಗೆ ತಿರುಗಿದ ಮೇಲೆ ಕೋಳಿ ಇಡಬೇಕು. ಹಸಿ ಸೌದೆಗೆ ಊದುಕೊಳವೆ ಹಿಡಿದು ಕಣ್ಣು ಉರಿಸಿಕೊಂಡ ಯಾವ ಅಜ್ಜಿಗೂ ಇದನ್ನು ಹೇಳಿಕೊಡಬೇಕಾಗಿಲ್ಲ.

ಗುರುವಾರ ಬೆಳಿಗ್ಗೆ ಏಳಕ್ಕೆ ಕೋಳಿ ಒಳಗೆ ಹೋಯಿತು. ಶಾಖ 250 ಡಿಗ್ರಿ ಫ್ಯಾರನ್‌ಹೀಟ್, ಪೌಂಡಿಗೆ ಹೆಚ್ಚುಕಡಿಮೆ ಅರ್ಧ ಗಂಟೆ. ಅಲ್ಲಿಂದ ಮಧ್ಯಾಹ್ನದವರೆಗೆ ಮಾಡುವುದಕ್ಕೆ ಏನೂ ಇಲ್ಲ, ಎದ್ದುಹೋಗುವ ಹಾಗೂ ಇಲ್ಲ. ಈ ಅಡುಗೆಯ ನಿಜವಾದ ಸುಖ ಇಲ್ಲಿದೆ ಅಂತ ನನಗೆ ಗಟ್ಟಿಯಾಗಿ ಅನ್ನಿಸಿದೆ. ಬೇರೆ ದಿನ ಗಂಡಸರು ಹಿತ್ತಲಲ್ಲಿ ಕುರ್ಚಿ ಹಾಕಿಕೊಂಡು ಆರು ಗಂಟೆ ಕೂತರೆ ಸೋಮಾರಿಗಳು. ಪಕ್ಕದಲ್ಲಿ ಹೊಗೆ ಏಳುತ್ತಿದ್ದರೆ ಅದು ಕೆಲಸ. ಒಳಗೆ ಹೆಂಗಸರು ಆಲೂಗಡ್ಡೆ ಹಿಚುಕಿ, ಕ್ರ್ಯಾನ್‌ಬೆರಿ ಕುದಿಸಿ, ಮೇಜು ಜೋಡಿಸಿ ಸುಸ್ತಾಗುತ್ತಾರೆ. ಹೊಗಳಿಕೆ ಮಾತ್ರ ಹೊರಗೆ ಕೂತವನಿಗೆ. ಪಕ್ಕದ ಮನೆಯ ಟೆಕ್ಸಸ್ ಅಜ್ಜ ಬೇಲಿಯ ಮೇಲೆ ಮೊಣಕೈ ಊರಿ ಆಗಾಗ ವಿಚಾರಿಸಿಕೊಂಡು ಹೋಗುತ್ತಿದ್ದ. ಗೊತ್ತಾಗದವರಿಗೆ ಬಟರ್‌ಬಾಲ್ ಕಂಪನಿ 1981ರಿಂದ ಟರ್ಕಿ ಸಹಾಯವಾಣಿಯನ್ನೇ ನಡೆಸುತ್ತಿದೆಯಂತೆ. ನಮ್ಮ ಕಡೆ ಆ ಕೆಲಸಕ್ಕೆ ಅತ್ತೆಯಂದಿರಿದ್ದಾರೆ, ಫೋನೂ ಮಾಡಬೇಕಾಗಿಲ್ಲ.

ಕೂತಲ್ಲೇ ಅವನಿಗೆ ಜಹಾಂಗೀರನ ಕಥೆ ಹೇಳಿದೆ. 1612ರಲ್ಲಿ ಅವನ ಅಧಿಕಾರಿ ಮುಕರ್ರಬ್ ಖಾನ್ ಗೋವೆಯಿಂದ ಈ ಹಕ್ಕಿಯನ್ನು ತಂದೊಪ್ಪಿಸಿದಾಗ, ಬಾದಶಹ ಅದರ ತಲೆ ಕತ್ತುಗಳ ಬಣ್ಣ ಬದಲಾಗುವುದನ್ನು ಬೆರಗಾಗಿ ನೋಡಿ ಬರೆದಿಟ್ಟ, ಆಸ್ಥಾನದ ಚಿತ್ರಕಾರ ಮನ್ಸೂರನಿಂದ ಚಿತ್ರ ಬರೆಸಿದ. "ತಿನ್ನಲಿಲ್ವಾ?" ಅಂದ ಭಾಮೈದ. ಚಿತ್ರವಂತೂ ಲಂಡನ್ನಿನ ವಸ್ತುಸಂಗ್ರಹಾಲಯದಲ್ಲಿ ಈಗಲೂ ಇದೆ.

ಮಾತಿನ ಮಧ್ಯೆ ನನ್ನ ಕೈ ಮುಚ್ಚಳದ ಕಡೆ ಹೋಗುತ್ತಿತ್ತು. "ಮುಚ್ಚಳ ತೆಗೀಬೇಡಿ ಭಾವ!" ಒಂದು ಸಲ ತೆಗೆದರೆ ಶಾಖ ಮತ್ತೆ ಏರುವುದಕ್ಕೆ ಕಾಲು ಗಂಟೆ ಹಿಡಿಯುತ್ತದಂತೆ. ತೊಡೆಯಲ್ಲಿ ಚುಚ್ಚಿದ್ದ ತಂತಿಯಿಂದ ಫೋನಿಗೆ ಅಂಕಿ ಬರುತ್ತಿತ್ತು. ಅದು 165 ಮುಟ್ಟಬೇಕು, ಸೆಲ್ಸಿಯಸ್‌ನಲ್ಲಿ 74. ಮಂದ ಶಾಖಕ್ಕೆ ಚರ್ಮ ಜಗಿದಷ್ಟೂ ಮುಗಿಯದ ಹಾಗೆ ಉಳಿಯುತ್ತದೆಂದು ಕೊನೆಯಲ್ಲಿ ಬೆಂಕಿ ಜೋರು ಮಾಡಿದ.

ಕೊಯ್ದಾಗ ಅಂಚೆಲ್ಲ ನಸುಗೆಂಪು. "ಬೆಂದೇ ಇಲ್ವಲ್ಲೋ!" ಅಂದಳು ಅಕ್ಕ. ಹೊಗೆಯಲ್ಲಿರುವ ಅನಿಲ ಮಾಂಸದ ಬಣ್ಣಕ್ಕೆ ಅಂಟಿಕೊಂಡು ಹಾಗೆ ಕಾಣುತ್ತದೆ, ಬೆಂದಿದೆ ಎಂದು ಫೋನು ತೋರಿಸಿದ. ಅವಳು ಫೋನು ನಂಬಲಿಲ್ಲ, ಮೂಳೆ ತಿರುಚಿ ನೋಡಿದಳು, ಕಳಚಿಕೊಂಡು ಬಂತು. ಎದೆ ಮೆತ್ತಗಿತ್ತು, ರಸವಿತ್ತು; ರುಚಿಯೆಲ್ಲ ಉಪ್ಪು ಹೊಗೆಗಳದು. ಬ್ಯಾಡಗಿ ಖಾರದ ತೊಡೆಗಳು ಮೊದಲು ಖಾಲಿಯಾದವು.

ಶುಕ್ರವಾರ ಮೂಳೆಗಳಿಗೆ ತೆಂಗಿನಕಾಯಿ, ಗಸಗಸೆ ಅರೆದು ಹಾಕಿ ಸಾರು ಮಾಡಿದಳು. ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿದ ಮಾಂಸದ ಸಾರಿನ ಪರಿಮಳ. ಮುದ್ದೆ ಎರಡೆರಡು ಇಳಿಯಿತು. ಭಾಮೈದ ಹುರುಪಾಗಿ ಕ್ರಿಸ್‌ಮಸ್‌ಗೆ ಇನ್ನೊಂದು ಟರ್ಕಿ ತರ್ತೀನಿ ಅಂದ.

"ಹೊಗೆ ನೀನು ಹಾಕಪ್ಪಾ," ಅಂದಳು ಅಕ್ಕ, "ಕೋಳಿ ನಾನು ನೋಡಿ ತರ್ತೀನಿ."