ಹಪ್ಪಳಕ್ಕೊಂದು ಹಕ್ಕುಪತ್ರ

ಭಾವಮೈದುನನ ಹಲಸಿನ ಹಪ್ಪಳದ ವ್ಯಾಪಾರಕ್ಕೆ ವೆಬ್‌ಸೈಟ್ ಮಾಡಿಕೊಡುವ ಹೊಣೆ ನನ್ನ ತಲೆಗೆ ಬಿತ್ತು. ‘ಗೂಗಲ್‌ನಲ್ಲಿ ಫೋಟೋ ರಾಶಿ ಬಿದ್ದಿದೆಯಲ್ಲ ಭಾವ, ಎತ್ತಿ ಹಾಕಿ’ ಎಂದ. ರಸ್ತೆಬದಿಯ ಮಾವಿನಮರಕ್ಕೂ ಮಾಲೀಕ ಇರುತ್ತಾನೆ ಮಾರಾಯ, ಎಂದೆ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಫೋಟೋ ತೆಗೆದವರು ಬದುಕಿರುವಷ್ಟು ಕಾಲ, ಅವರು ತೀರಿಕೊಂಡ ಮರುವರ್ಷದಿಂದ ಮತ್ತೂ 60 ವರ್ಷ ಅದರ ಹಕ್ಕು ಜೀವಂತ. ಕಾಯಬಹುದಿತ್ತು, ಆದರೆ ಅಷ್ಟು ಹಳೆಯ ಹಪ್ಪಳ ಕೊಳ್ಳುವವರಾರು?

ಪುಕ್ಕಟೆ ಫೋಟೋ ಕೊಡುವ ತಾಣಗಳಿಗೆ ನುಗ್ಗಿದೆ. ಹಲಸು ಅಂದರೆ ಡ್ಯೂರಿಯನ್ ತೋರಿಸಿದವು, ಹಪ್ಪಳ ಅಂದರೆ ಆಲೂಗಡ್ಡೆ ಚಿಪ್ಸು. ವಿಕಿಮೀಡಿಯ ಕಾಮನ್ಸ್‌ನಲ್ಲಿ ಅಂತೂ ಒಂದು ಸಿಕ್ಕಿತು. ಗುಳ್ಳೆ ಗುಳ್ಳೆಯಾಗಿ ಅರಳಿದ ಹಪ್ಪಳ, ಅಂಚು ಮಾತ್ರ ತುಸು ಸೀದದ್ದು. ಲೈಸೆನ್ಸ್ ಓದಿದೆ: ಬಳಸಿ, ವ್ಯಾಪಾರಕ್ಕೂ ಬಳಸಿ, ತೆಗೆದವರ ಹೆಸರು ಮಾತ್ರ ಹಾಕಿ. ನ್ಯಾಯವೇ. ಆದರೆ ತೆಗೆದವನು ಜರ್ಮನಿಯವನು! ‘ಅವನೇ ಲಟ್ಟಿಸಿದ್ದು ಅಂದುಕೊಂಡಾರು’ ಎಂದು ಭಾವಮೈದುನ ಸುತರಾಂ ಒಪ್ಪಲಿಲ್ಲ.

ಸರಿ, ನಾನೇ ಮೊಬೈಲ್ ಹಿಡಿದು ತಾರಸಿ ಹತ್ತಿದೆ. ಕಾಗೆ ಓಡಿಸುವ ಕೋಲಿನ ಸಮೇತ ಅತ್ತೆ ಮಧ್ಯೆ ಬಂದು ನಿಂತರು. ಸೆರಗು ಸರಿಮಾಡಿಕೊಂಡು ‘ಇನ್ನೊಂದು ತೆಗೀರಿ’ ಎಂದರು. ಹಕ್ಕು ಪೂರ್ತಿ ನನ್ನದೇ ಎಂದು ಬೀಗುತ್ತ ಫೋಟೋ ಕಳಿಸಿದೆ. ‘ಚೆನ್ನಾಗಿದೆ ಭಾವ, ಹಪ್ಪಳ ಎಲ್ಲಿ?’ ಎಂದು ಉತ್ತರ ಬಂತು.