ಸೋರುವ ಸೂರಿನ ಸಂಕಥನ: ಮಲೆನಾಡಿನ ರಜಾಮನೆಯ ನಿರ್ವಹಣೆಯನ್ನು ಕುರಿತು ಒಂದು ಬಹುಶಿಸ್ತೀಯ ಅಧ್ಯಯನ

ಆಗುಂಬೆ–ತೀರ್ಥಹಳ್ಳಿ ಸೀಮೆಯಲ್ಲಿ ದಸರಾ ಮತ್ತು ಬೇಸಿಗೆ ರಜೆಗೆ ಮಾತ್ರ ಬಾಗಿಲು ತೆರೆಯುವ, ಉಳಿದಂತೆ ಬೆಂಗಳೂರಿನ ಫ್ಲ್ಯಾಟಿನ ಗೋಡೆಯಲ್ಲಿ ಫೋಟೋ ಆಗಿ ನೇತಾಡುವ ಹಂಚಿನ ಮನೆಯನ್ನು ಒಂದು ಪಠ್ಯವಾಗಿ ಓದುವುದು ಪ್ರಸ್ತುತ ಅಧ್ಯಯನದ ಉದ್ದೇಶ. ವ್ಯಾಪ್ತಿ: ಸೂರಿನಿಂದ ತಳಪಾಯದವರೆಗೆ. ಮಿತಿ: ಸಂಶೋಧಕರು ಏಣಿ ಹತ್ತುವುದಿಲ್ಲ.

ಪೂರ್ವಾಧ್ಯಯನಗಳ ಸಮೀಕ್ಷೆ. ಸೋರುವ ಮನೆ ಎಂದೊಡನೆ ಶಿಶುನಾಳ ಶರೀಫರನ್ನು ಉಲ್ಲೇಖಿಸದೆ ನಮ್ಮ ವಿಚಾರಗೋಷ್ಠಿಗಳಲ್ಲಿ ಯಾರೂ ಮೈಕು ಬಿಡುವುದಿಲ್ಲ. ಶರೀಫರದ್ದು ಬಯಲುಸೀಮೆಯ ಮಾಳಿಗೆ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರು ಮಳೆ ಹೊಡೆಯುವ ಆಗುಂಬೆಯಲ್ಲಿ ಅಂಥದೊಂದು ಮಣ್ಣಿನ ಮಾಳಿಗೆ ಇದ್ದಿದ್ದರೆ ಪದ ಕಟ್ಟಲು ಪುರುಸೊತ್ತೇ ಸಿಗುತ್ತಿರಲಿಲ್ಲ.

ತಾತ್ವಿಕ ಚೌಕಟ್ಟು. ತೊಲೆಯ ಮೇಲೆ ಪಕಾಸಿ, ಪಕಾಸಿಯ ಮೇಲೆ ರೀಪು, ರೀಪಿನ ಮೇಲೆ ಹಂಚು: ಇದು ಶ್ರೇಣೀಕೃತ ಅಧಿಕಾರ ಸಂರಚನೆ. ಹಂಚು ತಾನೇ ವಸಾಹತುಶಾಹಿಯ ಕೂಸು. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಅದರ ಕಾರ್ಖಾನೆ ತೆರೆದರು. ಆದ್ದರಿಂದ ಹಂಚು ಸೋರಿದರೆ ಅದನ್ನು ವಸಾಹತೋತ್ತರ ಪ್ರತಿರೋಧದ ನೆಲೆಯಲ್ಲಿ ಗ್ರಹಿಸಬೇಕಲ್ಲದೆ, ಕೆಳಗೆ ಪಾತ್ರೆ ಇಟ್ಟು ಸರಳೀಕರಿಸಬಾರದು.

ಸೋರಿಕೆಯ ಪಂಚವಿಧ ವರ್ಗೀಕರಣ. (ಅ) ಬಿಂದುರೂಪಿ: ಹಂಚು ಸೀಳಿ ತೊಟ್ಟಿಕ್ಕುವುದು. (ಆ) ಧಾರಾರೂಪಿ: ಮಂಗ ಹಾರಿ ಹಂಚು ಸರಿದು, ಸಂಶೋಧಕರ ಹಾಸಿಗೆಯ ಮೇಲೆಯೇ ಇಳಿಯುವುದು. (ಇ) ಅಂತರ್ಗಾಮಿ: ಎರಡು ಮಾಡು ಕೂಡುವ ಮೂಲೆಯಲ್ಲಿ ತರಗೆಲೆ ಕಟ್ಟಿಕೊಂಡು, ನೀರು ಹಿಮ್ಮುಖವಾಗಿ ಗೋಡೆಗೆ ನುಗ್ಗುವುದು. ನಾಲ್ಕು ಮತ್ತು ಐದನೆಯವೂ ಇವೇ, ಸಂಸ್ಕೃತದ ಹೆಸರು ಬೇರೆ. ಬಿಡಿ.

ಕ್ಷೇತ್ರಕಾರ್ಯ. ವಕ್ತೃ–1 ಎಂದರೆ ಬೀಗದ ಕೈ ಇಟ್ಟುಕೊಂಡಿರುವ ಪಕ್ಕದ ಮನೆಯವರು. ಹೆಸರು ಬರೆದುಕೊಂಡಿಲ್ಲ, ವಿಧಾನಶಾಸ್ತ್ರಕ್ಕೆ ಅದರ ಅಗತ್ಯ ಬೀಳಲಿಲ್ಲ. ‘ಅನುಪಸ್ಥಿತ ವಾಸ್ತವ್ಯದ ಸಂದರ್ಭದಲ್ಲಿ ದಾರುಸಂರಚನೆಯ ಕ್ಷಯವನ್ನು ತಾವು ಹೇಗೆ ಕಟ್ಟಿಕೊಡುತ್ತೀರಿ?’ ಎಂದು ಕೇಳಲಾಗಿ, ‘ಮನೇಲಿ ಹೊಗೆ ಆಡ್ಬೇಕು ಮಾರಾಯ್ರೇ. ಒಲೆ ಹೊತ್ತದ ಮನೆ ಎಷ್ಟು ದಿನ ನಿಲ್ತದೆ?’ ಎಂದರು.

ಈ ಅಧ್ಯಯನದಲ್ಲಿ ಅರ್ಥವಿರುವ ಮಾತು ಅದೊಂದೇ. ದಿನವೂ ಒಲೆ ಉರಿಯುತ್ತಿದ್ದಾಗ ಹೊಗೆ ಅಟ್ಟಕ್ಕೇರಿ ಪಕಾಸಿಗಳನ್ನು ಕಪ್ಪಾಗಿಸುತ್ತಿತ್ತು. ಆ ಮಸಿ ಹಿಡಿದ ಒಣ ಮರವನ್ನು ಕುಟ್ಟೆಹುಳ ಸುಲಭಕ್ಕೆ ಮುಟ್ಟುತ್ತಿರಲಿಲ್ಲ. ಈಗ ಅದೇ ಮರಕ್ಕೆ ವಾರ್ನಿಶ್ ಬಳಿದು, ಕೆಳಗೆ ಇಂಡಕ್ಷನ್ ಒಲೆ ಇಟ್ಟು, ಬೀಗ ಜಡಿದು ಹೋಗುತ್ತೇವೆ. ಹಿಟ್ಟು ಉದುರತೊಡಗಿದ ಮೇಲೆ ‘ದೇಸಿ ವಾಸ್ತುಜ್ಞಾನದ ಅವನತಿ’ ಎಂದು ಪ್ರಬಂಧ ಮಂಡಿಸುತ್ತೇವೆ.

ಅಂಥದೊಂದು ಮಂಡನೆಯನ್ನು ಊಟದ ಹೊತ್ತು ಮೀರುವವರೆಗೂ ಕೂತು ಕೇಳಿದ್ದೇನೆ. ಮನೆ ನೋಡಿಕೊಳ್ಳುವವರ ಬಗ್ಗೆ ಅದರಲ್ಲಿ ಒಂದು ವಾಕ್ಯವೂ ಇರಲಿಲ್ಲ. ಮೃಗಶಿರಾ ಮಳೆ ಹಿಡಿಯುವ ಮೊದಲು ಮಾಡು ಹತ್ತಿ ಹಂಚು ಕೈಯಾಡಿಸುವವರು ಅವರು. ಗಾಳಿ ಬರುವ ಕಡೆಗೆ ಜಡಿ ಕಟ್ಟುವವರು, ಗೆದ್ದಲು ಹತ್ತಿದ ಕಡೆ ಗೇರೆಣ್ಣೆ ಬಳಿಯುವವರು ಅವರೇ. ಬಿಸಿಲು ಇಣುಕಿದ ದಿನ ಬಾಗಿಲು ತೆಗೆದಿಟ್ಟು ಬೂಸ್ಟು ತಡೆಯುತ್ತಾರೆ, ಗುಡುಗಿದರೆ ಓಡಿಬಂದು ಮೇನ್ ಸ್ವಿಚ್ ಇಳಿಸುತ್ತಾರೆ. ಪುನರ್ವಸು ಮಳೆಯಲ್ಲಿ ಕಾಲಿಗೆ ಉಂಬಳ ಹತ್ತಿಸಿಕೊಂಡು ಗುಡ್ಡ ಏರಿ ಅಬ್ಬಿ ನೀರಿನ ಪೈಪಿಗೆ ಸಿಕ್ಕಿಕೊಂಡ ಎಲೆ ತೆಗೆಯುತ್ತಾರೆ. ಇಷ್ಟೆಲ್ಲ ಮಾಡಿ ವಾಟ್ಸ್‌ಆ್ಯಪ್ ಗುಂಪಿಗೆ ಫೋಟೋ ಹಾಕಿದರೆ ಯಜಮಾನರಿಂದ ಒಂದು ಹೆಬ್ಬೆರಳು. ಕೂಲಿ? ‘ದಸರಾಕ್ಕೆ ಬಂದಾಗ ನೋಡೋಣ.’ ಗೋಷ್ಠಿಗೆ ಹೋಗಿಬಂದ ಪ್ರಯಾಣಭತ್ಯೆ ಮಾತ್ರ ಆ ವಾರವೇ ಕೈಸೇರಬೇಕು!

ಫಲಿತಗಳು. ಏನು ಫಲಿತ? ಹಂಚಿನ ಮೇಲೆ ಕಾಲಿಡುವುದಕ್ಕೂ ಒಂದು ಕ್ರಮವಿದೆ: ಅಡಿಯಲ್ಲಿ ಪಕಾಸಿ ಎಲ್ಲಿದೆ ಎಂದು ಅಂದಾಜಿಸಿ ಅದರ ನೇರಕ್ಕೇ ಹೆಜ್ಜೆ ಇಡಬೇಕು. ಅದನ್ನು ಬಲ್ಲವರಿಗೆ ಈಗ ಮಂಡಿನೋವು. ಅವರ ಮಗ ಬೆಂಗಳೂರಿನಲ್ಲಿ ಕಾರು ಓಡಿಸುತ್ತಾನೆ. ಓಡಿಸದೆ ಇನ್ನೇನು ಮಾಡಿಯಾನು, ನಾವು ಅಪ್ಪನಿಗೆ ಕೊಟ್ಟದ್ದನ್ನು ನೋಡಿಕೊಂಡೇ ಬೆಳೆದವನು. ಹಲವರು ಹಂಚಿನ ಮೇಲೆ ತಗಡಿನ ಶೀಟು ಹೊದೆಸಿ ಸಮಸ್ಯೆ ಮುಗಿಸಿದ್ದಾರೆ. ಸೋರುವುದು ನಿಂತಿದೆ, ಮಳೆ ಬಂದರೆ ಒಳಗೆ ಕೂತವರ ಮಾತು ಕೇಳಿಸುವುದಿಲ್ಲ.

ಊರಲ್ಲೊಂದು ಮನೆ ಇಟ್ಟುಕೊಂಡ ಓದುಗರಲ್ಲಿ ವಿನಂತಿ: ಮೇ ಮುಗಿಯುವುದರೊಳಗೆ ಹಂಚು ಕೈಯಾಡಿಸಿ, ಹೋದಾಗೆಲ್ಲ ಕಟ್ಟಿಗೆಯ ಒಲೆ ಹೊತ್ತಿಸಿ, ಮಾಡು ಹತ್ತಿದವರ ಕೂಲಿಯನ್ನು ಅವರು ಏಣಿ ಇಳಿದ ದಿನವೇ ಕೊಡಿ.